ರಾತ್ರಿ ಪಾಳಿಯ ಟ್ಯಾಕ್ಸಿ ಚಾಲಕರಿಗೆ ಹಳದಿ ಕನ್ನಡಕ: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ರಾತ್ರಿ ವಾಹನ ಓಡಿಸುವವರಿಗೆಂದೇ ಮಾರಾಟವಾಗುವ ಹಳದಿ ಗಾಜಿನ ಕನ್ನಡಕವನ್ನು ಒಮ್ಮೆಯೂ ಕೈಗೆತ್ತಿಕೊಂಡು ನೋಡದ ಟ್ಯಾಕ್ಸಿ ಚಾಲಕರು ಈಗ ಅಪರೂಪ. ಪೆಟ್ರೋಲ್ ಬಂಕಿನ ಗಲ್ಲಾದ ಪಕ್ಕದಲ್ಲಿ, ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ, ಆನ್‌ಲೈನ್ ಮಳಿಗೆಗಳಲ್ಲಿ ಹತ್ತಾರು ಹೆಸರುಗಳಿಂದ ಸಿಗುವ ಈ ಕನ್ನಡಕದ ಡಬ್ಬಿಯ ಮೇಲೆ ಸಾಮಾನ್ಯವಾಗಿ ಎರಡು ಚಿತ್ರಗಳಿರುತ್ತವೆ. ಒಂದರಲ್ಲಿ ಎದುರಿನ ವಾಹನದ ಬೆಳಕು ಒಡೆದು ಹರಡಿ ಇಡೀ ರಸ್ತೆಯನ್ನು ನುಂಗಿರುತ್ತದೆ. ಇನ್ನೊಂದರಲ್ಲಿ ಅದೇ ರಸ್ತೆ, ಅದೇ ವಾಹನ, ಆದರೆ ಎಲ್ಲವೂ ಹೊಂಬಣ್ಣದಲ್ಲಿ ತಿಳಿಯಾಗಿ ಕಾಣುತ್ತದೆ. ಎದುರು ಬೆಳಕಿನ ಹೊಡೆತ ತಗ್ಗುತ್ತದೆ, ಕತ್ತಲಲ್ಲಿ ನೋಟ ಚುರುಕಾಗುತ್ತದೆ, ಕಣ್ಣಿನ ದಣಿವು ಕಡಿಮೆಯಾಗುತ್ತದೆ ಎಂಬ ಮೂರು ಭರವಸೆಗಳು ಮಾತ್ರ ಹೆಚ್ಚುಕಡಿಮೆ ಎಲ್ಲ ಡಬ್ಬಿಗಳಲ್ಲೂ ಒಂದೇ. ಗಾಜಿನ ಬಗೆಯೂ ಬಹುಪಾಲು ಒಂದೇ ಆಗಿರುವುದರಿಂದ ಇಲ್ಲಿ ಯಾವುದೇ ಕಂಪನಿಯ ಹೆಸರನ್ನು ಎತ್ತದೆ, ದೊಡ್ಡ ನಗರವೊಂದರಲ್ಲಿ ರಾತ್ರಿಯಿಡೀ ಬಾಡಿಗೆ ಓಡಿಸುವವರ ಕಣ್ಣಿಗೆ ಈ ವಸ್ತು ಏನು ಮಾಡುತ್ತದೆ ಎಂಬುದನ್ನಷ್ಟೇ ಪರಿಶೀಲಿಸಿದ್ದೇನೆ.

ಕನ್ನಡಕದ ಮೈಕಟ್ಟಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಗಾಜು ಎಂದು ಕರೆದರೂ ಅದು ಪಾಲಿಕಾರ್ಬೊನೇಟ್ ಅಥವಾ ಅಂಥದೇ ಪ್ಲಾಸ್ಟಿಕ್. ಹಗುರವಾಗಿದೆ, ಸುಲಭಕ್ಕೆ ಒಡೆಯುವುದಿಲ್ಲ, ಆದರೆ ಅಂಗಿಯ ತುದಿಯಲ್ಲಿ ಒರೆಸುವ ಅಭ್ಯಾಸವಿದ್ದವರ ಕೈಯಲ್ಲಿ ಬೇಗನೆ ಗೀರು ಬೀಳುತ್ತದೆ. ನೇರವಾಗಿ ಧರಿಸುವಂಥದ್ದು, ನಂಬರ್ ಕನ್ನಡಕದ ಮೇಲೆ ಸಿಕ್ಕಿಸುವ ಕ್ಲಿಪ್ಪು, ನಂಬರ್ ಕನ್ನಡಕವನ್ನೇ ಒಳಗಿಟ್ಟುಕೊಂಡು ಮುಚ್ಚುವ ದೊಡ್ಡ ಚೌಕಟ್ಟಿನದು ಎಂದು ಮೂರು ಬಗೆಗಳಿವೆ. ಇವುಗಳಲ್ಲಿ ಮೂರನೆಯದನ್ನು ಟ್ಯಾಕ್ಸಿ ಚಾಲಕರು ಮುಟ್ಟಲೇಬಾರದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದರ ಅಗಲವಾದ ಕಡ್ಡಿಗಳು ಪಕ್ಕದ ನೋಟಕ್ಕೆ ಅಡ್ಡ ಬರುತ್ತವೆ. ರಸ್ತೆಬದಿಯಲ್ಲಿ ಕೈ ಎತ್ತಿ ನಿಂತವರನ್ನು, ಪಕ್ಕದಿಂದ ನುಗ್ಗುವ ದ್ವಿಚಕ್ರ ವಾಹನವನ್ನು, ನಿಂತ ಕಾರಿನ ಬಾಗಿಲು ತೆರೆಯುವುದನ್ನು ಕಣ್ಣಂಚಿನಲ್ಲಿ ಹಿಡಿಯುವುದೇ ನಗರದ ಚಾಲಕರ ಅರ್ಧ ಕೆಲಸ.

ಮೊದಲ ಅನುಭವವನ್ನು ಪ್ರಾಮಾಣಿಕವಾಗಿ ಹೇಳುವುದಾದರೆ, ಕನ್ನಡಕ ಹಾಕಿಕೊಂಡ ಕೂಡಲೇ ಹಿತವೆನಿಸುತ್ತದೆ. ಈಗಿನ ವಾಹನಗಳ ನೀಲಿಬೆರೆತ ಬಿಳಿ ಬೆಳಕು ಮೆದುವಾಗುತ್ತದೆ, ರಸ್ತೆ ಬೆಚ್ಚಗಿನ ಬಣ್ಣಕ್ಕೆ ತಿರುಗುತ್ತದೆ, ಸುತ್ತಲಿನ ಬೆಳಕು ಸ್ವಲ್ಪ ಹೆಚ್ಚಾಯಿತೇನೋ ಎಂಬ ಭಾವನೆಯೂ ಬರುತ್ತದೆ. ಈ ಕನ್ನಡಕವನ್ನು ಮೆಚ್ಚಿ ಮಾತಾಡುವ ಚಾಲಕರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಅನಿಸಿದ್ದನ್ನೇ ಹೇಳುತ್ತಿದ್ದಾರೆ. ಹಳದಿ ಗಾಜಿನ ಮೂಲಕ ನೋಡುವಾಗ ದೃಶ್ಯ ಪ್ರಕಾಶಮಾನವಾದಂತೆ ತೋರುವುದು ದೃಷ್ಟಿವಿಜ್ಞಾನದಲ್ಲಿ ಬಹುಕಾಲದಿಂದ ಗೊತ್ತಿರುವ ಸಂಗತಿ. ಹಗಲಿನಲ್ಲಿ, ಮಂಜು ಮುಸುಕಿದ ಬಯಲಿನಲ್ಲಿ ಗುರಿ ಹೊಡೆಯುವವರು ಹಳದಿ ಗಾಜನ್ನು ಇಷ್ಟಪಡುವುದಕ್ಕೂ ಇದೇ ಕಾರಣ. ಆದರೆ ಹಗಲಿನಲ್ಲಿ ಬೆಳಕು ಬೇಕಾದಷ್ಟು ಇರುವುದರಿಂದ ಅದರಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟರೂ ನಷ್ಟವಿಲ್ಲ. ರಾತ್ರಿ ಪಾಳಿಯಲ್ಲಿ ಚಾಲಕರಿಗೆ ಅತ್ಯಂತ ಕೊರತೆಯಿರುವುದೇ ಬೆಳಕಿಗೆ. ಹೆಚ್ಚು ಕಾಣುತ್ತಿದೆ ಎಂದು ಅನಿಸುವುದಕ್ಕೂ ನಿಜಕ್ಕೂ ಹೆಚ್ಚು ಕಾಣುವುದಕ್ಕೂ ನಡುವೆ ಇರುವ ಅಂತರದಲ್ಲೇ ಈ ಸರಕಿನ ಇಡೀ ವ್ಯಾಪಾರ ನಡೆಯುತ್ತಿದೆ.

ಇದನ್ನು ಅರ್ಥಮಾಡಿಕೊಳ್ಳಲು ಕಣ್ಣಿನ ಒಳಗೆ ಸ್ವಲ್ಪ ಹೋಗಬೇಕಾಗುತ್ತದೆ. ಕಣ್ಣಿನ ಹಿಂಬದಿಯಲ್ಲಿ ಬಿಂಬ ಮೂಡುವ ಪದರವಾದ ಅಕ್ಷಿಪಟಲದಲ್ಲಿ (ರೆಟಿನಾ) ಸುಮಾರು 12 ಕೋಟಿ ದಂಡಕೋಶಗಳೂ ಸುಮಾರು 60 ಲಕ್ಷ ಶಂಕುಕೋಶಗಳೂ ಇವೆ. ಶಂಕುಕೋಶಗಳು ಒಳ್ಳೆಯ ಬೆಳಕಿನಲ್ಲಿ ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ತೋರಿಸುತ್ತವೆ. ದಂಡಕೋಶಗಳಿಗೆ ಬಣ್ಣ ಗೊತ್ತಾಗುವುದಿಲ್ಲ, ಆದರೆ ಅತ್ಯಲ್ಪ ಬೆಳಕಿನಲ್ಲೂ ಕೆಲಸ ಮಾಡುತ್ತವೆ, ಮತ್ತು ಕಣ್ಣಂಚಿನ ಚಲನೆಯನ್ನು ಹಿಡಿಯುವ ಹೊಣೆ ರಾತ್ರಿ ಹೊತ್ತು ಹೆಚ್ಚಾಗಿ ಅವುಗಳದ್ದೇ. ಹಗಲಿನ ಕಣ್ಣಿಗೆ 555 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನ ಹಳದಿಮಿಶ್ರಿತ ಹಸಿರು ಅತ್ಯಂತ ಪ್ರಕಾಶಮಾನವಾಗಿ ಕಂಡರೆ, ಕತ್ತಲಿಗೆ ಹೊಂದಿಕೊಂಡ ಕಣ್ಣು 507 ನ್ಯಾನೊಮೀಟರ್ ಆಸುಪಾಸಿನ ನೀಲಿಹಸಿರಿಗೆ ಹೆಚ್ಚು ಸ್ಪಂದಿಸುತ್ತದೆ. ಮುಸ್ಸಂಜೆಯಲ್ಲಿ ಕೆಂಪು ಹೂವು ಕಪ್ಪಾಗಿ, ಅದರ ಪಕ್ಕದ ಎಲೆ ಇನ್ನೂ ತಿಳಿಯಾಗಿ ಕಾಣುವುದಕ್ಕೆ ಈ ಪಲ್ಲಟವೇ ಕಾರಣ. 19ನೆಯ ಶತಮಾನದ ಮೊದಲ ಭಾಗದಲ್ಲಿ ಇದನ್ನು ಗುರುತಿಸಿದ ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆಯ ಹೆಸರಿನಿಂದಲೇ ಇದು ಇಂದಿಗೂ ಪ್ರಸಿದ್ಧ. ನಗರದ ರಸ್ತೆ ಪೂರ್ತಿ ಕತ್ತಲೂ ಅಲ್ಲ, ಪೂರ್ತಿ ಬೆಳಕೂ ಅಲ್ಲ. ಎರಡೂ ಬಗೆಯ ಕೋಶಗಳು ಒಟ್ಟಿಗೆ ದುಡಿಯುವ ನಡುಮಬ್ಬಿನ ಸ್ಥಿತಿಯಲ್ಲಿ ಚಾಲಕರ ಕಣ್ಣು ರಾತ್ರಿಯಿಡೀ ಇರುತ್ತದೆ. ಹಳದಿ ಗಾಜು ತಡೆಯುವುದು ನೀಲಿ ಮತ್ತು ಅದರ ನೆರೆಯ ಬಣ್ಣಗಳನ್ನು, ಅಂದರೆ ಆ ಹೊತ್ತಿನಲ್ಲಿ ದಂಡಕೋಶಗಳಿಗೆ ಒದಗಬೇಕಾದ ಬೆಳಕಿನದೇ ಒಂದು ಪಾಲನ್ನು.

ಎದುರು ಬೆಳಕಿನ ಹೊಡೆತವಾದರೂ ತಗ್ಗುವುದಿಲ್ಲವೇ ಎಂದು ಕೇಳಬಹುದು. ತಗ್ಗುತ್ತದೆ, ಆದರೆ ಅದರೊಂದಿಗೆ ರಸ್ತೆಯೂ ಮಂಕಾಗುತ್ತದೆ. ಬೆಳಕಿನ ತಜ್ಞರು ಎದುರು ಬೆಳಕಿನ ತೊಂದರೆಯನ್ನು ಎರಡಾಗಿ ನೋಡುತ್ತಾರೆ. ಒಂದು ಕಿರಿಕಿರಿ: ಕಣ್ಣು ಕಿವುಚಿಕೊಳ್ಳುವಂತೆ ಮಾಡುವ ಅಸಹನೆ. ಇದನ್ನು ಅಳೆಯಲು ಡಚ್ ಸಂಶೋಧಕ ಡಿ ಬೋರ್ ಹೆಸರಿನ ಒಂದು ಮಾಪಕವೇ ಇದೆ; ಅದರಲ್ಲಿ 1 ಎಂದರೆ ತಡೆಯಲಾಗದ್ದು, 9 ಎಂದರೆ ಗಮನಕ್ಕೆ ಬಂದೂ ಬಾರದಂಥದ್ದು. ಇನ್ನೊಂದು ಕುರುಡು: ತೀವ್ರ ಬೆಳಕು ಕಣ್ಣಿನೊಳಗೆ ಚದುರಿ, ಅಕ್ಷಿಪಟಲದ ಮೇಲೆ ಮಬ್ಬಿನ ತೆರೆಯನ್ನು ಹಾಸಿ, ಅದರ ಆಚೆಗಿನ ಮಂದ ವಸ್ತುವನ್ನು ಮರೆಸಿಬಿಡುವುದು. ಹಳದಿ ಗಾಜು ಮೊದಲನೆಯದನ್ನು ಸ್ವಲ್ಪ ಶಮನ ಮಾಡಬಲ್ಲದು. ಎರಡನೆಯದರಲ್ಲಿ ನಿರ್ಣಾಯಕವಾಗುವುದು ಎದುರಿನ ದೀಪಕ್ಕೂ ಅದರ ಪಕ್ಕದಲ್ಲಿ ನಡೆದು ಹೋಗುವ ಮನುಷ್ಯನಿಗೂ ಇರುವ ಬೆಳಕಿನ ಅನುಪಾತ. ಗಾಜು ಎರಡನ್ನೂ ಒಟ್ಟಿಗೆ ತಗ್ಗಿಸುವುದರಿಂದ ಆ ಅನುಪಾತ ಹೇಳಿಕೊಳ್ಳುವಷ್ಟು ಸುಧಾರಿಸುವುದಿಲ್ಲ. ಕಿರಿಕಿರಿ ಹೋಗಿ ಕುರುಡು ಹಾಗೆಯೇ ಉಳಿಯುವುದು ಚಾಲಕರಿಗೆ ಅಪಾಯಕಾರಿ ಜೋಡಿ. ಕಿರಿಕಿರಿಯಾದಾಗ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಏಳುತ್ತದೆ, ಹಿತವೆನಿಸಿದಾಗ ಏಳುವುದಿಲ್ಲ.

ಈ ವಾದ ಕೇವಲ ಪುಸ್ತಕದ ಲೆಕ್ಕಾಚಾರವಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿರುವ ಶೆಪೆನ್ಸ್ ನೇತ್ರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 22 ಮಂದಿಯನ್ನು ವಾಹನ ಚಾಲನೆಯ ಸಿಮ್ಯುಲೇಟರಿನಲ್ಲಿ ಕೂರಿಸಿ, ಎದುರು ಬೆಳಕು ಇದ್ದಾಗ ಮತ್ತು ಇಲ್ಲದಿದ್ದಾಗ ರಸ್ತೆಯಲ್ಲಿ ಕಾಣಿಸಿಕೊಳ್ಳುವ ಪಾದಚಾರಿಯನ್ನು ಎಷ್ಟು ಬೇಗ ಗುರುತಿಸುತ್ತಾರೆ ಎಂದು ಪರೀಕ್ಷಿಸಿದರು. ಅವರಿಗೆ ಒಮ್ಮೆ ಬಣ್ಣವಿಲ್ಲದ ಕನ್ನಡಕ, ಇನ್ನೊಮ್ಮೆ ಮಾರುಕಟ್ಟೆಯಲ್ಲಿ ಸಿಗುವ ಹಳದಿ ಕನ್ನಡಕ ಹಾಕಿಸಲಾಗಿತ್ತು. 2019ರಲ್ಲಿ ಜಾಮಾ ಆಪ್ತಾಲ್ಮಾಲಜಿ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹಳದಿ ಕನ್ನಡಕದಿಂದ ಪಾದಚಾರಿಯನ್ನು ಗುರುತಿಸುವುದು ಸುಧಾರಿಸಲಿಲ್ಲ, ಎದುರು ಬೆಳಕಿನ ದುಷ್ಪರಿಣಾಮವೂ ಕಡಿಮೆಯಾಗಲಿಲ್ಲ. ಗಾಢ ಬಣ್ಣದ ಬಟ್ಟೆ ತೊಟ್ಟ ಪಾದಚಾರಿಯ ವಿಷಯದಲ್ಲಿ ಪ್ರತಿಕ್ರಿಯೆ ತುಸು ತಡವಾಗುವ ಲಕ್ಷಣ ಕಂಡಿತು. ಪರೀಕ್ಷೆ ಸಣ್ಣದು, ಅದೂ ನಿಜವಾದ ರಸ್ತೆಯಲ್ಲಿ ನಡೆದದ್ದಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಆದರೂ ತಯಾರಕರು ಹೇಳಿಕೊಳ್ಳುವಷ್ಟು ದೊಡ್ಡ ಲಾಭ ಇದ್ದಿದ್ದರೆ ಅದು ಎಲ್ಲಾದರೂ ತಲೆಯೆತ್ತಬೇಕಿತ್ತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನವು ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. ಸೆಕೆಂಡಿನ ಮೂರನೇ ಒಂದು ಪಾಲು ತಡವಾದರೂ ಒಂದು ಕಾರಿನ ಉದ್ದಕ್ಕಿಂತ ಹೆಚ್ಚು ದೂರ ಬ್ರೇಕು ಮುಟ್ಟದೆಯೇ ಕಳೆದುಹೋಗಿರುತ್ತದೆ.

ಹಳದಿ ಬೆಳಕು ರಾತ್ರಿಗೆ ಒಳ್ಳೆಯದು ಎಂಬ ನಂಬಿಕೆಗೆ ಹಳೆಯ ಇತಿಹಾಸವಿದೆ. ಫ್ರಾನ್ಸಿನಲ್ಲಿ 1930ರ ದಶಕದ ಉತ್ತರಾರ್ಧದಿಂದ 1993ರವರೆಗೆ ಕಾರುಗಳ ಮುಂದಿನ ದೀಪಗಳು ಹಳದಿಯಾಗಿಯೇ ಇರಬೇಕೆಂಬ ಕಾನೂನಿತ್ತು. ಅಷ್ಟು ದೀರ್ಘ ಕಾಲ ಇಡೀ ದೇಶವೊಂದು ಪಾಲಿಸಿದ ಮೇಲೂ ಬಿಳಿ ದೀಪಕ್ಕಿಂತ ಅದು ಸುರಕ್ಷಿತ ಎಂಬುದು ಸ್ಥಾಪಿತವಾಗಲಿಲ್ಲ, ಕೊನೆಗೆ ಯುರೋಪಿನ ಉಳಿದ ದೇಶಗಳ ನಿಯಮಕ್ಕೆ ಹೊಂದಿಕೊಳ್ಳಲು ಅದನ್ನು ಕೈಬಿಡಲಾಯಿತು. ಇತ್ತೀಚೆಗೆ ಈ ನಂಬಿಕೆಗೆ ಮತ್ತೆ ಜೀವ ತುಂಬಿದ್ದು ಎಲ್‌ಇಡಿ. ಹ್ಯಾಲೊಜನ್ ದೀಪದ ಬೆಳಕು ಸುಮಾರು 3200 ಕೆಲ್ವಿನ್ ಬಣ್ಣತಾಪದ್ದಾದರೆ, ಈಗಿನ ಎಲ್‌ಇಡಿ ಹೆಡ್‌ಲೈಟುಗಳದ್ದು 5000ದಿಂದ 6000 ಕೆಲ್ವಿನ್; ಈ ಅಂಕಿ ಹೆಚ್ಚಿದಷ್ಟೂ ಬೆಳಕು ನೀಲಿಯತ್ತ ವಾಲುತ್ತದೆ. ಬಿಳಿ ಎಲ್‌ಇಡಿ ಎಂದರೆ ಬಹುತೇಕ ನೀಲಿ ಎಲ್‌ಇಡಿಯ ಮೇಲೆ ಹಳದಿ ಹೊಮ್ಮಿಸುವ ಲೇಪ ಹಚ್ಚಿದ್ದು. ಆ ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ಅಕಸಾಕಿ, ಅಮಾನೊ ಮತ್ತು ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ದೊರೆಯಿತು. ಹೀಗಾಗಿ ನೀಲಿಯೇ ಅಪರಾಧಿ, ಹಳದಿಯೇ ಪರಿಹಾರ ಎಂಬ ತರ್ಕ ಮೇಲ್ನೋಟಕ್ಕೆ ಒಪ್ಪುವಂತಿದೆ. ಆದರೆ ಎದುರಿನ ದೀಪದ ನೀಲಿಯನ್ನು ತಡೆಯುವ ಗಾಜು ನಮ್ಮದೇ ಕಾರಿನ ದೀಪ ರಸ್ತೆಗೆ ಚೆಲ್ಲಿ ಹಿಂತಿರುಗಿಸುವ ನೀಲಿಯನ್ನೂ, ಬೀದಿದೀಪದ ನೀಲಿಯನ್ನೂ ಬಿಡದೆ ತಡೆಯುತ್ತದೆ. ಬೇಡದ ಬೆಳಕು ಯಾವುದು, ಬೇಕಾದ ಬೆಳಕು ಯಾವುದು ಎಂದು ವಿಂಗಡಿಸುವ ಬುದ್ಧಿ ಅದಕ್ಕಿಲ್ಲ.

ಕೊಳ್ಳುವವರು ಡಬ್ಬಿಯ ಹಿಂಭಾಗದ ಸಣ್ಣ ಅಕ್ಷರಗಳನ್ನೊಮ್ಮೆ ಓದಬೇಕು. ತಂಪು ಕನ್ನಡಕಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 12312-1ರ ಪ್ರಕಾರ, ಬೀಳುವ ಬೆಳಕಿನಲ್ಲಿ ಶೇಕಡಾ 75ಕ್ಕಿಂತ ಕಡಿಮೆ ಒಳಬಿಡುವ ಗಾಜು ಮುಸ್ಸಂಜೆ ಅಥವಾ ರಾತ್ರಿಯ ಚಾಲನೆಗೆ ಯೋಗ್ಯವಲ್ಲ. ತಿಳಿಹಳದಿ ಗಾಜುಗಳು ಈ ಗೆರೆಯನ್ನು ದಾಟಬಹುದು, ಕಡುಹಳದಿ ಮತ್ತು ಕಿತ್ತಳೆ ಛಾಯೆಯವು ದಾಟುವುದು ಕಷ್ಟ. ಇನ್ನು 'ಪೋಲರೈಸ್ಡ್' ಎಂದು ಹೆಮ್ಮೆಯಿಂದ ಬರೆದುಕೊಂಡವುಗಳ ವಿಷಯದಲ್ಲಿ ಅನುಮಾನಕ್ಕೇ ಎಡೆಯಿಲ್ಲ. ಹೀಗೆ ಧ್ರುವೀಕರಿಸುವ ಗಾಜು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಒಳಬಿಡುವ ಗಾಜು, ಸಾಮಾನ್ಯ ಬೆಳಕಿನ ಸುಮಾರು ಅರ್ಧವನ್ನು ತತ್ತ್ವತಃ ತಡೆಯಲೇಬೇಕು. ಹಾಗೆ ತಡೆಯದಿದ್ದರೆ ಅದು ಪೋಲರೈಸ್ಡ್ ಅಲ್ಲ, ತಡೆದರೆ ರಾತ್ರಿಗೆ ಯೋಗ್ಯವಲ್ಲ. ಮಳೆಯಲ್ಲಿ ಒದ್ದೆ ರಸ್ತೆಯಿಂದ ಚಿಮ್ಮುವ ಪ್ರತಿಫಲನವನ್ನು ಅದು ಒಂದಿಷ್ಟು ತಗ್ಗಿಸುತ್ತದೆ ಎಂಬುದು ನಿಜ, ಆದರೆ ಅರ್ಧ ಬೆಳಕನ್ನು ತೆತ್ತು ಆ ಅನುಕೂಲ ಪಡೆಯುವುದು ಮಳೆಯ ರಾತ್ರಿಯಲ್ಲಿ ಜಾಣತನವಲ್ಲ. ಅದರ ಜೊತೆಗೆ ಹಲವು ಫೋನುಗಳ ಪರದೆ ಕೆಲವು ಕೋನಗಳಲ್ಲಿ ಈ ಗಾಜಿನ ಹಿಂದೆ ಕಪ್ಪಾಗಿಬಿಡುತ್ತದೆ. ಬಾಡಿಗೆ, ವಿಳಾಸ, ದಾರಿ ಎಲ್ಲವೂ ಡ್ಯಾಶ್‌ಬೋರ್ಡಿನ ಮೇಲಿನ ಫೋನಿನಲ್ಲೇ ಬರುವ ಕಾಲದಲ್ಲಿ ಇದು ಸಣ್ಣ ದೋಷವಲ್ಲ.

ಫೋನಿನ ಮಾತು ಬಂದುದರಿಂದ ಬಣ್ಣಗಳ ಸಂಗತಿಯನ್ನೂ ಹೇಳಬೇಕು. ನಕ್ಷೆಯಲ್ಲಿ ಹೋಗಬೇಕಾದ ದಾರಿಯನ್ನು ತೋರಿಸುವ ನೀಲಿ ಗೆರೆ ಹಳದಿ ಗಾಜಿನ ಹಿಂದೆ ಮಂಕಾಗಿ ಸುತ್ತಲಿನ ಬೂದುಬಣ್ಣದೊಂದಿಗೆ ಬೆರೆಯುತ್ತದೆ, ತಿರುವು ಎಲ್ಲಿದೆಯೆಂದು ತಿಳಿಯಲು ಪರದೆಯನ್ನು ಒಂದು ಕ್ಷಣ ಹೆಚ್ಚು ನೋಡಬೇಕಾಗುತ್ತದೆ. ಬಿಳಿ ದೀಪಗಳೆಲ್ಲ ಹಳದಿಗೆ ತಿರುಗುವುದರಿಂದ, ದೂರದಲ್ಲಿ ಮಿನುಗುತ್ತಿರುವುದು ತಿರುಗಲಿರುವ ವಾಹನದ ಇಂಡಿಕೇಟರೋ ಸುಮ್ಮನೆ ಬರುತ್ತಿರುವ ವಾಹನದ ದೀಪವೋ ಎಂದು ಬೇರ್ಪಡಿಸುವುದು ಕಠಿಣವಾಗುತ್ತದೆ. ತುರ್ತು ವಾಹನಗಳು ನೀಲಿ ಮಿನುಗುದೀಪ ಬಳಸುವ ಕಡೆಗಳಲ್ಲಂತೂ ಇದು ಗಂಭೀರ ಕೊರತೆ: ಕನ್ನಡಿಯಲ್ಲಿ ದೂರದಿಂದಲೇ ಕಾಣಬೇಕಾದ ಆಂಬುಲೆನ್ಸಿನ ನೀಲಿಯನ್ನೇ ಈ ಗಾಜು ಮೊದಲು ತಿಂದುಹಾಕುತ್ತದೆ. ಕಿಟಕಿ ಮುಚ್ಚಿ, ಹಿಂದಿನ ಸೀಟಿನಲ್ಲಿ ಮಾತು ಜೋರಾಗಿರುವಾಗ ಸೈರನ್ನಿಗಿಂತ ಮುಂಚೆ ಸುದ್ದಿ ಕೊಡುವುದು ಆ ದೀಪವೇ.

ಹಾಗಾದರೆ ಡಬ್ಬಿಯ ಮೇಲಿನ ಮೊದಲ ಚಿತ್ರದಲ್ಲಿರುವ ತೊಂದರೆ, ದೀಪ ಒಡೆದು ಹರಡುವ ಆ ಕಾಟ, ನಿಜವಲ್ಲವೇ? ಖಂಡಿತ ನಿಜ, ಆದರೆ ಅದರ ಮೂಲಗಳು ಬಹುಪಾಲು ಬೇರೆಡೆ ಇವೆ. ಮೊದಲನೆಯದು ಮುಂಗಾಜಿನ ಒಳಮೈ. ಹೊರಮೈಯನ್ನು ವೈಪರು, ನೀರು ಎಂದು ನಿತ್ಯ ತೊಳೆಯುತ್ತೇವೆ. ಒಳಗಡೆ ಮಾತ್ರ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಬಿಸಿಲಿಗೆ ಏಳುವ ಆವಿ, ಪ್ರಯಾಣಿಕರ ಉಸಿರು, ಹೊರಗಿನ ಹೊಗೆ ಎಲ್ಲ ಸೇರಿ ಕಣ್ಣಿಗೆ ಕಾಣದ ಜಿಡ್ಡಿನ ಪದರ ಕಟ್ಟುತ್ತದೆ. ಹಗಲಿನಲ್ಲಿ ಗೊತ್ತೇ ಆಗದ ಈ ಪದರ ಎದುರು ದೀಪ ಓರೆಯಾಗಿ ಬಿದ್ದಾಗ ಗಾಜನ್ನು ಹಾಲಿನಂತೆ ಬೆಳ್ಳಗಾಗಿಸುತ್ತದೆ. ಡ್ಯಾಶ್‌ಬೋರ್ಡಿಗೆ ಮಿರುಗುವ ಪಾಲಿಷ್ ಹಚ್ಚುವವರು ಈ ತೊಂದರೆಯನ್ನು ತಾವೇ ಇಮ್ಮಡಿಗೊಳಿಸುತ್ತಾರೆ, ಏಕೆಂದರೆ ಅದರ ಆವಿಯೂ ಗಾಜಿಗೇ ಅಂಟುತ್ತದೆ, ಅದರ ಹೊಳಪೂ ಗಾಜಿನಲ್ಲೇ ಪ್ರತಿಫಲಿಸುತ್ತದೆ. ಪಾಳಿ ಆರಂಭಿಸುವ ಮುನ್ನ ಗಾಜು ತಣ್ಣಗಿರುವಾಗ ಒಂದು ಒದ್ದೆ, ಒಂದು ಒಣ ಮೈಕ್ರೊಫೈಬರ್ ಬಟ್ಟೆಯಿಂದ ಒಳಮೈಯನ್ನು ಒರೆಸಿದರೆ ಆಗುವ ವ್ಯತ್ಯಾಸವನ್ನು ಯಾವ ಹಳದಿ ಕನ್ನಡಕವೂ ಮಾಡಲಾರದು. ಸವೆದ ವೈಪರ್ ರಬ್ಬರಿನಿಂದ ಹೊರಮೈಯಲ್ಲಿ ಮೂಡಿದ ಕಮಾನಿನಾಕಾರದ ಗೀರುಗಳು ಮಾತ್ರ ಒರೆಸಿದರೆ ಹೋಗುವುದಿಲ್ಲ. ಅವು ಹೆಚ್ಚಾಗಿದ್ದರೆ ಗಾಜು ಬದಲಿಸುವುದೇ ದಾರಿ.

ಎರಡನೆಯ ಮೂಲ ಚಾಲಕರ ಕಣ್ಣು ಮತ್ತು ಅವರು ಈಗಾಗಲೇ ಧರಿಸಿರುವ ನಂಬರ್ ಕನ್ನಡಕ. ಪ್ರತಿಫಲನ ತಡೆಯುವ ಲೇಪವಿಲ್ಲದ ಸಾಧಾರಣ ಮಸೂರದ ಪ್ರತಿ ಮೈಯಿಂದಲೂ ಸುಮಾರು ಶೇಕಡಾ 4ರಷ್ಟು ಬೆಳಕು ಹಿಂದಕ್ಕೆ ಹೋಗುತ್ತದೆ, ಎರಡು ಮೈ ಸೇರಿ ಶೇಕಡಾ 8ರಷ್ಟು. ತೆಳುವಾದ ಹೈ-ಇಂಡೆಕ್ಸ್ ಮಸೂರಗಳಲ್ಲಿ ಇದು ಇನ್ನೂ ಹೆಚ್ಚು. ಹಿಂದಿನಿಂದ ಬರುವ ವಾಹನದ ಬೆಳಕು ಮಸೂರದ ಒಳಮೈಗೆ ಬಡಿದು ನೇರವಾಗಿ ಕಣ್ಣಿಗೆ ಬರುವುದೂ, ಒಂದು ದೀಪ ಎರಡಾಗಿ ಕಾಣುವುದೂ ಇದರಿಂದಲೇ. ಎಆರ್ ಲೇಪ ಎಂದು ಕನ್ನಡಕದ ಅಂಗಡಿಯವರು ಕರೆಯುವ ಪದರ ಈ ನಷ್ಟವನ್ನು ಶೇಕಡಾ 1ರ ಆಸುಪಾಸಿಗೆ ಇಳಿಸುತ್ತದೆ. ಹಳದಿ ಗಾಜು ಬೆಳಕನ್ನು ಕಳೆಯುತ್ತದೆ, ಎಆರ್ ಲೇಪ ಕೂಡಿಸುತ್ತದೆ. ರಾತ್ರಿ ದುಡಿಯುವವರು ಹಣ ಹಾಕಬೇಕಾದದ್ದು ಯಾವುದರ ಮೇಲೆ ಎಂಬುದಕ್ಕೆ ಹೆಚ್ಚಿನ ವಿವರಣೆ ಬೇಕಿಲ್ಲ. ಲೇಪವಿರುವ ಕನ್ನಡಕದ ಮೇಲೆ ಹಳದಿ ಕ್ಲಿಪ್ಪನ್ನು ಸಿಕ್ಕಿಸುವವರು ಆ ಲಾಭವನ್ನೂ ಕಳೆದುಕೊಳ್ಳುತ್ತಾರೆ, ಏಕೆಂದರೆ ಲೇಪವಿಲ್ಲದ ಎರಡು ಹೊಸ ಮೈಗಳು ಅಲ್ಲಿ ಸೇರಿಕೊಳ್ಳುತ್ತವೆ.

ಹಗಲಿನಲ್ಲಿ ನಂಬರ್ ಬೇಕಿಲ್ಲದವರಿಗೂ ರಾತ್ರಿ ಸ್ವಲ್ಪ ಸಮೀಪದೃಷ್ಟಿ ಕಾಣಿಸಿಕೊಳ್ಳಬಹುದು. ಬ್ರಿಟಿಷ್ ಖಗೋಳಜ್ಞ ನೆವಿಲ್ ಮ್ಯಾಸ್ಕೆಲೈನ್ 1789ರಷ್ಟು ಹಿಂದೆಯೇ ನಕ್ಷತ್ರಗಳನ್ನು ನೋಡುವಾಗ ತನಗೆ ಇದು ಆಗುತ್ತಿರುವುದನ್ನು ಗುರುತಿಸಿದ್ದ. ಕಣ್ಣಿನ ಪಾಪೆ ಹಿಗ್ಗಿದಾಗ ಕಣ್ಣೊಳಗಿನ ಮಸೂರದ ಅಂಚಿನ ದೋಷಗಳೂ ಬಿಂಬದಲ್ಲಿ ಸೇರಿಕೊಳ್ಳುವುದು ಇದಕ್ಕೆ ಒಂದು ಕಾರಣ. ಸಿಲಿಂಡ್ರಿಕಲ್ ಪವರ್ ಎಂದು ಚೀಟಿಯಲ್ಲಿ ಬರೆಯುವ ದೋಷ ಅಲ್ಪವಾಗಿದ್ದು ಹಗಲಿನಲ್ಲಿ ಕಾಡದಿದ್ದರೂ ರಾತ್ರಿ ಪ್ರತಿ ದೀಪಕ್ಕೂ ಬಾಲ ಅಂಟಿಸುತ್ತದೆ. ವಯಸ್ಸಿನ ಪಾತ್ರವೂ ದೊಡ್ಡದು: ಪಾಪೆ ಹಿಗ್ಗುವ ಶಕ್ತಿ ಕುಗ್ಗುತ್ತ, ಮಸೂರ ಹಳದಿಯಾಗುತ್ತ ಹೋಗುವುದರಿಂದ 60ರ ವಯಸ್ಸಿನವರ ಅಕ್ಷಿಪಟಲಕ್ಕೆ ತಲುಪುವ ಬೆಳಕು 20ರ ವಯಸ್ಸಿನವರಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗವಷ್ಟೇ. ಹಿರಿಯ ಚಾಲಕರ ಕಣ್ಣಿನಲ್ಲಿ ನಿಸರ್ಗವೇ ಒಂದು ಹಳದಿ ಗಾಜನ್ನು ಕೂರಿಸಿದೆ; ಅದರ ಮುಂದೆ ಇನ್ನೊಂದನ್ನು ಇಡುವುದರಲ್ಲಿ ಅರ್ಥವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ದೀಪದ ಸುತ್ತ ಬಳೆಯಂಥ ಪ್ರಭೆ ಕಾಣುವುದು ಕಣ್ಣಿನ ಪೊರೆಯ ಆರಂಭದ ಲಕ್ಷಣವಾಗಿರಬಹುದು. ಈ ಕನ್ನಡಕದ ಮೇಲೆ ನನಗಿರುವ ಅತ್ಯಂತ ದೊಡ್ಡ ತಕರಾರು ಇದೇ: ವೈದ್ಯರ ಬಳಿಗೆ ಹೋಗಬೇಕಾದ ಕಣ್ಣನ್ನು ಅದು ಅಂಗಡಿಯ ಕೌಂಟರಿನಲ್ಲೇ ಸಮಾಧಾನಪಡಿಸಿ ವಾಪಸು ಕಳಿಸುತ್ತದೆ, ಹೀಗೆ ವರ್ಷಗಳೇ ಕಳೆದುಹೋಗಬಹುದು. ಅಮೆರಿಕದ ನೇತ್ರವೈದ್ಯರ ಅಕಾಡೆಮಿಯೂ ರಾತ್ರಿ ಚಾಲನೆಯ ಕನ್ನಡಕಗಳ ಬದಲು ಕಣ್ಣಿನ ತಪಾಸಣೆಯನ್ನೇ ಸಲಹೆ ಮಾಡುತ್ತದೆ.

ಕನ್ನಡಿ, ದೀಪ, ಫೋನುಗಳ ಮಾತನ್ನು ಬೇಗ ಮುಗಿಸುತ್ತೇನೆ. ಒಳಗಿನ ಕನ್ನಡಿಯ ಕೆಳಗಿರುವ ಪುಟ್ಟ ಕೊಂಡಿಯನ್ನು ಸರಿಸಿದರೆ ಹಿಂದಿನ ವಾಹನದ ಬೆಳಕು ಕಣ್ಣು ಕುಕ್ಕದಷ್ಟು ಮಂದವಾಗುತ್ತದೆ; ವರ್ಷಗಟ್ಟಲೆ ಓಡಿಸಿಯೂ ಅದನ್ನು ಮುಟ್ಟದವರಿದ್ದಾರೆ. ಫೋನಿನ ಪರದೆಯನ್ನು ರಾತ್ರಿಯ ಬಣ್ಣಕ್ಕೆ ಬದಲಿಸಿ, ಪ್ರಕಾಶವನ್ನು ಇಳಿಸಿ, ಅದರ ಬಿಂಬ ಮುಂಗಾಜಿನ ಮೇಲೆ ಬೀಳದ ಜಾಗದಲ್ಲಿ ಕೂರಿಸಬೇಕು. ಪ್ರಯಾಣಿಕರು ಇಳಿಯುವಾಗ ಒಳದೀಪ ಹತ್ತಿಸುವುದು ಅನಿವಾರ್ಯ, ಆದರೆ ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ ಅರ್ಧ ಗಂಟೆಯಷ್ಟು ಹೊತ್ತು ಬೇಕಾಗುವುದರಿಂದ ದೀಪ ಆರಿಸಿದ ತಕ್ಷಣ ಕತ್ತಲ ಗಲ್ಲಿಗೆ ನುಗ್ಗದೆ ತುಸು ನಿಧಾನಿಸುವುದು ಒಳಿತು. ವಿಮಾನ ನಿಲ್ದಾಣದ ಬಾಡಿಗೆಗಳಲ್ಲಿ ಇನ್ನೊಂದು ವಿಷಯ ಮರೆತುಹೋಗುತ್ತದೆ. ಡಿಕ್ಕಿಯ ತುಂಬ ಸೂಟ್‌ಕೇಸು, ಹಿಂದಿನ ಸೀಟಿನಲ್ಲಿ ಮೂವರು ಕೂತಾಗ ಕಾರಿನ ಹಿಂಭಾಗ ತಗ್ಗಿ ಮೂತಿ ಮೇಲೇಳುತ್ತದೆ, ಆಗ ನಮ್ಮ ಲೋ ಬೀಮ್ ಕೂಡ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಹಲವು ಕಾರುಗಳಲ್ಲಿ ದೀಪದ ಎತ್ತರ ಇಳಿಸಲು ಸ್ಟೇರಿಂಗಿನ ಬಳಿ ಅಂಕಿಗಳಿರುವ ಒಂದು ಚಕ್ರವಿರುತ್ತದೆ, ಅದನ್ನು ತಿರುಗಿಸಬೇಕು. ಎದುರಿನವರ ಹೈ ಬೀಮನ್ನು ಶಪಿಸುವ ನಾವೇ ಎಷ್ಟೋ ಸಲ ಇನ್ನೊಬ್ಬರಿಗೆ ಎದುರಿನವರಾಗಿರುತ್ತೇವೆ.

ಮೂರನೆಯ ಭರವಸೆ, ಅಂದರೆ ದಣಿವು ಕಡಿಮೆಯಾಗುತ್ತದೆ ಎಂಬುದು, ನನ್ನ ದೃಷ್ಟಿಯಲ್ಲಿ ಮೂರರಲ್ಲೂ ಹೆಚ್ಚು ದಾರಿ ತಪ್ಪಿಸುವಂಥದ್ದು. ರಾತ್ರಿ ಎರಡರಿಂದ ಬೆಳಗಿನ ಆರರ ನಡುವೆ ಕಣ್ಣು ಎಳೆಯುವುದು, ಉರಿಯುವುದು, ನೋಟ ಒಂದೇ ಕಡೆ ನೆಟ್ಟುಹೋಗುವುದು ಬೆಳಕಿನ ಬಣ್ಣದಿಂದಲ್ಲ, ನಿದ್ದೆಯಿಂದ. ದೇಹದ ಒಳಗಡಿಯಾರ ಆ ಹೊತ್ತಿನಲ್ಲಿ ಎಚ್ಚರವನ್ನು ತಳಮಟ್ಟಕ್ಕೆ ಇಳಿಸಿರುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇಕಡಾ 0.05 ಮದ್ಯವಿರುವವರ ಮಟ್ಟಕ್ಕೆ ಕುಸಿದಿತ್ತು. ಹಗಲಿನಲ್ಲಿ ಮನೆಯ ಕೆಲಸ ಮುಗಿಸಿ, ನಿದ್ದೆ ಅರೆಬರೆ ಮಾಡಿ ಸಂಜೆ ಗಾಡಿ ಹತ್ತುವವರಿಗೆ 17 ಗಂಟೆ ದೂರದ ಮಾತಲ್ಲ. ಇದಕ್ಕೆ ಮದ್ದು ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಹದಿನೈದು ಇಪ್ಪತ್ತು ನಿಮಿಷ ಕಣ್ಣು ಮುಚ್ಚುವುದೇ ಹೊರತು ಮೂಗಿನ ಮೇಲೆ ಇನ್ನೊಂದು ವಸ್ತುವನ್ನು ಏರಿಸುವುದಲ್ಲ. ಮೇಲಾಗಿ, ಎಚ್ಚರವನ್ನು ಕಾಯುವ ಗಡಿಯಾರಕ್ಕೆ ಹೊರಗಿನ ಬೆಳಕಿನ ಸುದ್ದಿ ಮುಟ್ಟಿಸುವ ಕೋಶಗಳು ಅಕ್ಷಿಪಟಲದಲ್ಲಿ ಪ್ರತ್ಯೇಕವಾಗಿಯೇ ಇವೆ, ಮತ್ತು ಅವು 480 ನ್ಯಾನೊಮೀಟರ್ ಆಸುಪಾಸಿನ ನೀಲಿಗೆ ಹೆಚ್ಚು ಸ್ಪಂದಿಸುತ್ತವೆ. ಆ ನೀಲಿಯನ್ನು ತಡೆಯುವುದು ನಿದ್ದೆಗೆ ಅನುಕೂಲ ಮಾಡಿಕೊಡುವ ಕ್ರಮ. ಸ್ಟೇರಿಂಗ್ ಹಿಡಿದವರಿಗೆ ಬೇಕಾದದ್ದು ಅದರ ವಿರುದ್ಧದ್ದು.

ಐದರಲ್ಲಿ ಅಂಕ ಕೊಡುವುದಾದರೆ, ತಿಳಿಹಳದಿಯ, ಪೋಲರೈಸ್ಡ್ ಅಲ್ಲದ, ತೆಳು ಚೌಕಟ್ಟಿನ ಮಾದರಿಗೆ ಒಂದನ್ನು ಕೊಡಬಲ್ಲೆ; ಅದೂ ಹಿತವೆನಿಸುತ್ತದೆ ಎಂಬ ಒಂದೇ ಕಾರಣಕ್ಕೆ. ಪೋಲರೈಸ್ಡ್ ಮತ್ತು ಕಡುಬಣ್ಣದ ಮಾದರಿಗಳಿಗೆ ಅಷ್ಟನ್ನೂ ಕೊಡುವುದಿಲ್ಲ. ಎದುರು ಬೆಳಕಿನಿಂದ ನಿಜಕ್ಕೂ ಬಳಲುತ್ತಿರುವವರು ಈ ವಾರವೇ ಮುಂಗಾಜಿನ ಒಳಮೈ ಒರೆಸಿ ನೋಡಲಿ, ಆಗಲೂ ದೀಪ ಒಡೆದು ಕಂಡರೆ ಕಣ್ಣಿನ ವೈದ್ಯರ ಬಳಿ ಹೋಗಿ ತಾವು ರಾತ್ರಿ ಪಾಳಿಯಲ್ಲಿ ಗಾಡಿ ಓಡಿಸುವವರೆಂಬುದನ್ನು ಮೊದಲೇ ತಿಳಿಸಲಿ, ಮಸೂರ ಬೇಕೆಂದರೆ ಬಣ್ಣವಿಲ್ಲದ, ಎಆರ್ ಲೇಪವಿರುವ ಮಸೂರವನ್ನೇ ಕೇಳಿ ಪಡೆಯಲಿ. ಹಳದಿ ಕನ್ನಡಕವನ್ನು ಈಗಾಗಲೇ ಕೊಂಡಿರುವವರು ಪಾಳಿ ಮುಗಿಸಿ, ಗಾಡಿ ನಿಲ್ಲಿಸಿ, ಬೀಗ ಹಾಕಿದ ಮೇಲೆ ಬೆಳಗಿನ ಬಿಸಿಲಿನಲ್ಲಿ ಮನೆಗೆ ನಡೆದು ಹೋಗುವಾಗ ಅದನ್ನು ಧರಿಸಬಹುದು. ಹಗಲುನಿದ್ದೆಗೆ ಕಣ್ಣನ್ನು ಅಣಿಗೊಳಿಸುವ ಆ ಕೆಲಸಕ್ಕೂ ಹಳದಿಗಿಂತ ಕಡುಕಿತ್ತಳೆ ಗಾಜೇ ಹೆಚ್ಚು ಪರಿಣಾಮಕಾರಿ.